ಹೂ ಬಿಟ್ಟ ದಿನ ಮದುವೆ

ನಮ್ಮ ಭಾವ ಭೂಮಿಯನ್ನು ಉಳಿಸಲು ಹೊರಟ ದಿನ ಮೊದಲು ಬೀದಿಗೆ ಬಿದ್ದದ್ದು ನಮ್ಮಕ್ಕನ ಬಕೆಟ್ಟು.

ಅದು ಅಂಥಿಂಥ ಬಕೆಟ್ಟಲ್ಲ. ಕಡುಗೆಂಪು ಬಣ್ಣದ್ದು, ಅಕ್ಕ ಸಂಸಾರ ಹೂಡಿದ ಹೊಸತರಲ್ಲಿ ಕೊಂಡದ್ದು. ಹಿಡಿ ಮುರಿದು ಅದರ ಜಾಗದಲ್ಲಿ ದಪ್ಪ ತಂತಿ ಬಂದು ಕೂತಿತ್ತು. ಒಂದು ಕಡೆಯ ಅಂಚು ಬಿಸಿ ಪಾತ್ರೆ ತಾಗಿ ಸೊಟ್ಟಗಾಗಿತ್ತು. ಅಕ್ಕನ ಮಗಳನ್ನು ಕೂಸಾಗಿದ್ದಾಗ ಅದರೊಳಗೆ ಕೂರಿಸಿಯೇ ಸ್ನಾನ ಮಾಡಿಸುತ್ತಿದ್ದರು. ಅವಳ ಮೊದಲ ಹಲ್ಲಿನ ಗುರುತು ಆ ಸೊಟ್ಟ ಅಂಚಿನ ಪಕ್ಕದಲ್ಲೇ ಇತ್ತು. ಅಂಥ ಬಕೆಟ್ಟನ್ನು ಭಾವ ಒಂದು ಭಾನುವಾರ ಎರಡೇ ಬೆರಳಲ್ಲಿ, ಸತ್ತ ಇಲಿಯನ್ನು ಹಿಡಿದಂತೆ ಹಿಡಿದುಕೊಂಡು ಹೋಗಿ ಗೇಟಿನಾಚೆ ಇಟ್ಟು ಬಂದರು.

“ಪ್ಲಾಸ್ಟಿಕ್! ಬರೀ ವಿಷ!” ಎಂದರು.

“ಇಷ್ಟು ವರ್ಷ ಅದೇ ವಿಷದಲ್ಲಿ ತಾನೇ ರೀ ನೀವು ಮಿಂದಿದ್ದು?” ಎಂದಳು ಅಕ್ಕ.

“ಅದಕ್ಕೇ ಕೂದಲೆಲ್ಲ ಉದುರಿದ್ದು,” ಎಂದು ಭಾವ ಬೋಳುತಲೆ ಸವರಿಕೊಂಡರು.

ಬಕೆಟ್ಟಿನ ಜಾಗಕ್ಕೆ ಮರದ ಬಕೆಟ್ಟು ಬಂತು. ಅದು ಒಂದು ರಟ್ಟಿನ ಪೆಟ್ಟಿಗೆಯೊಳಗೆ ಇನ್ನೊಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಗುಳ್ಳೆ ಗುಳ್ಳೆಯ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು, ಸಮುದ್ರ ದಾಟಿ ಬಂದಿತ್ತು. ನಲ್ಲಿಯ ಕೆಳಗೆ ತುಂಬಿಸಿ ಎರಡು ಹೆಜ್ಜೆ ಎತ್ತಿಡುವಷ್ಟರಲ್ಲಿ ಅರ್ಧ ನೀರು ನೆಲದ ಪಾಲು. ಅಕ್ಕ ತೋರಿಸಿದರೆ ಭಾವ, “ಸೋರ್ತಿಲ್ಲ ಕಣೇ, ಮರ ಉಸಿರಾಡ್ತಿದೆ,” ಎಂದರು.

ಈ ಭಾವನ ಪರಿಚಯ ಹೇಳಿಬಿಡುತ್ತೇನೆ. ವಿಮಾ ಕಚೇರಿಯ ರವಾನೆ ವಿಭಾಗದಲ್ಲಿ ಕೂತು, ಬೇರೆಯವರು ಬರೆದ ಪತ್ರಗಳನ್ನು ಬೇರೆಯವರ ವಿಳಾಸಕ್ಕೆ ಕಳಿಸುತ್ತ ತಲೆ ಬೋಳು ಮಾಡಿಕೊಂಡವರು. ತಾನು ಕಳಿಸಿದ್ದು ತಪ್ಪಿದ್ದಿಲ್ಲ ಎನ್ನುವುದು ಅವರ ಒಂದೇ ಒಂದು ಜಂಬ. ಹೀಗಿದ್ದವರ ಕಚೇರಿಯಲ್ಲಿ ಒಮ್ಮೆ ಪರಿಸರದ ಬಗ್ಗೆ ಭಾಷಣ ಏರ್ಪಾಡಾಯಿತು. ಭಾವ ಹಿಂದಿನ ಸಾಲಿನಲ್ಲಿ ಸೊಗಸಾಗಿ ತೂಕಡಿಸುತ್ತಿದ್ದರು. ಭಾಷಣದ ಹೆಂಗಸು, “ಇಲ್ಲಿ ಯಾರು ಯಾರು ಬಿದಿರಿನ ಬ್ರಷ್ಷಲ್ಲಿ ಹಲ್ಲುಜ್ಜುತ್ತೀರಿ?” ಎಂದು ಕೇಳಿದ ಹೊತ್ತಿಗೆ ಸರಿಯಾಗಿ ಭಾವನಿಗೆ ಎಚ್ಚರವಾಗಿ, ಮೈ ಮುರಿಯಲೆಂದು ಕೈ ಎತ್ತಿದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಹುಟ್ಟಿದಾಗಿನಿಂದ ಭಾವನಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಆ ಸದ್ದು ಕಿವಿಗೆ ಬಿದ್ದ ಮೇಲೆ ಮನುಷ್ಯ ನಮ್ಮ ಕೈಗೆ ಸಿಗಲಿಲ್ಲ.

ಬ್ರಷ್ಷು ಬಂತು. ತೆಂಗಿನ ನಾರಿನ ಕಾಲೊರಸು ಬಂತು. ಚೆನ್ನಾಗಿದ್ದ ಡಬ್ಬಿಗಳು ಹೊರಗೆ ಹೋಗಿ ಗಾಜಿನ ಜಾಡಿಗಳು ಒಳಗೆ ಬಂದವು, ಒಂದೊಂದಾಗಿ ಒಡೆದು ಅವೂ ಹೊರಗೆ ಹೋದವು. ನನ್ನದು ಟೈರು ಪಂಕ್ಚರು ಅಂಗಡಿ. ಭಾವ ನನ್ನನ್ನು ಕಂಡಾಗಲೆಲ್ಲ, “ನಿನ್ನಂಥವರಿಂದಲೇ ಕಣಯ್ಯಾ ಭೂಮಿ ಹಾಳಾಗ್ತಿರೋದು,” ಎಂದು ಬುದ್ಧಿ ಹೇಳಿ, ಆಮೇಲೆ ನನ್ನ ಕಾರಿನಲ್ಲೇ ಮನೆಗೆ ಹೋಗುತ್ತಿದ್ದರು.

ಇಷ್ಟರಲ್ಲಿ ಅಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ಹುಡುಗ ಅವಳೇ ಮೆಚ್ಚಿದವನು, ಬಂಗಾರದಂಥವನು. ಬೀಗರೂ ಒಳ್ಳೆಯವರೇ. ಒಂದೇ ತೊಡಕು. ಅವರದು ಪ್ಲಾಸ್ಟಿಕ್ ಬಕೆಟ್ಟಿನ ಕಾರ್ಖಾನೆ.

ಮಾತುಕತೆಯ ದಿನ ಬೀಗರು ಕಾಲು ಚಾಚಿ ಕೂತು ಹೇಳಿದರು: “ನಮಗೆ ಏನೂ ಬೇಡ. ಆದ್ರೆ ನನಗೊಂದು ದೌರ್ಬಲ್ಯ. ಖಾಲಿ ಕುರ್ಚಿ ಕಂಡ್ರೆ ಆಗಲ್ಲ. ಎರಡೂ ಕಡೆ ಜನ ತುಂಬಿರ್ಬೇಕು. ಮದುವೆ ಅಂದ್ರೆ ಗಿಜಿಗಿಜಿ ಅನ್ಬೇಕು.”

“ನಮ್ಮ ಕಡೆ ಯೋಚನೇನೇ ಬೇಡಿ,” ಎಂದರು ಭಾವ. “ಪತ್ರ ತಲುಪಿಸೋ ಕೆಲಸದಲ್ಲೇ ನನ್ನ ತಲೆ ಬೋಳಾಗಿರೋದು.”

ಬೀಗರು ಅತ್ತ ಹೋದ ಮೇಲೆ ಭಾವ ಹಲ್ಲು ಕಡಿದರು. “ಬಕೆಟ್ಟು ಮಾರೋ ಮನುಷ್ಯನಿಗೆ ಈ ಮದುವೆ ಒಂದು ಪಾಠ ಆಗ್ಬೇಕು.” ಅಕ್ಕ, “ರೀ, ಪಾಠ ಆಮೇಲೆ ಕಲಿಸಿ, ಮೊದಲು ಮದುವೆ ಆಗ್ಲಿ,” ಎಂದಳು. ಆ ಮನೆಯಲ್ಲಿ ತೂಕದ ಮಾತುಗಳೆಲ್ಲ ಅಕ್ಕನವು, ಆದರೆ ನಡೆಯುತ್ತಿದ್ದದ್ದು ಭಾವನವು.

ಪಾಠ ಆಹ್ವಾನಪತ್ರದ ರೂಪದಲ್ಲಿ ಬಂತು. ಅದು ಬೀಜದ ಕಾಗದ. ಕಾಗದದ ತಿರುಳಿನ ಜೊತೆ ಚೆಂಡುಹೂವಿನ ಬೀಜ ಸೇರಿಸಿ ಮಾಡಿದ್ದು. ಓದಿ, ನೆನೆಸಿ, ಮಣ್ಣಲ್ಲಿ ಹಾಕಿದರೆ ಗಿಡ. ಅಂಗಡಿಯಾಕೆ ಭಾವನ ಕೈಗೆ ಒಂದು ಮಾದರಿ ಇಟ್ಟು, “ಇದು ಕಾಗದ ಅಲ್ಲ ಸರ್, ಕಾಡು,” ಎಂದಳು. ಭಾವನ ಕಣ್ಣಲ್ಲಿ ನೀರು ಬಂತು. “ಎರಡು ತಿಂಗಳು ಮೊದಲು ಹಂಚಿದ್ರೆ, ಸರಿಯಾಗಿ ಮದುವೆ ಹೊತ್ತಿಗೆ ಹೂ ಬಿಡುತ್ತೆ,” ಎಂದೂ ಹೇಳಿದಳು. ಈ ಮಾತನ್ನು ಆಕೆ ಹೇಳಬಾರದಿತ್ತು.

ಶಾಯಿ ಎಲೆಯ ರಸದ್ದಂತೆ. ದಿನಾಂಕವನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಓರೆ ಮಾಡಿ ನೋಡಿದರೆ ಏನೋ ಇದ್ದ ಹಾಗೆ ಕಾಣುತ್ತಿತ್ತು. ಒದ್ದೆ ಕೈ ತಾಗಿದರೆ ಅದೂ ಮಾಯ. ತೇವ ತಗುಲಿ ದಾರಿಯಲ್ಲೇ ಮೊಳಕೆ ಬಂದುಬಿಡಬಾರದೆಂದು ಪ್ರತಿ ಪತ್ರವನ್ನೂ ಒಂದೊಂದು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದ್ದರು. ಕವರಿನ ಮೇಲೆ ಮಾತ್ರ ಚೀಟಿ ಅಂಟಿಸಿ ಮದುವೆಯ ದಿನ, ಗಂಟೆ, ಮದುವೆ ನಡೆಯುವ ಹಾಲು ಎಲ್ಲವನ್ನೂ ದಪ್ಪ ಕಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು.

ಭಾವ ಕೂಡಿಟ್ಟ ರಜೆಯನ್ನೆಲ್ಲ ಒಟ್ಟಿಗೆ ಹಾಕಿ ಹಂಚಲು ಹೊರಟರು. ಸಾರಥಿ ನಾನು. ಭಾವನ ಕೈಯಲ್ಲಿ ಒಂದು ತಂಬಿಗೆ ನೀರು, ಒಂದು ಸಣ್ಣ ಸಲಿಕೆ. ನನ್ನ ಕಾರು ಹೊಗೆ ಉಗುಳುತ್ತ ಊರೆಲ್ಲ ಸುತ್ತಿತು.

ಭಾವ ಆಹ್ವಾನಪತ್ರ ಕೊಟ್ಟು ಸುಮ್ಮನೆ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರು ಬಾಗಿಲಲ್ಲೇ ಕವರು ಹರಿದು, “ನಿಮ್ಮ ಮನೆಗೆ ಪ್ಲಾಸ್ಟಿಕ್ ಬೇಡ,” ಎಂದು ಅದನ್ನು ತಮ್ಮ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಪತ್ರವನ್ನು ಮನೆಯವರ ಕೈಗಿತ್ತು, ಅವರು ಕನ್ನಡಕ ಹುಡುಕುವಷ್ಟರಲ್ಲಿ ಅದರ ಮೇಲೆ ನೀರು ಹೊಯ್ಯುತ್ತಿದ್ದರು. “ಈಗಲೇ ಹಾಕಿ, ನನ್ನ ಕಣ್ಣೆದುರಿಗೇ ಹಾಕಿ. ಕಾಗದದಲ್ಲೇನಿದೆ? ಇದರಲ್ಲಿ ಹೂ ಬಿಟ್ಟ ದಿನ ನೀವು ಮದುವೆಗೆ ಬರ್ಬೇಕು!” ಎಂದು ಕೈ ಮುಗಿದು, ಮುಂದಿನ ಮನೆಗೆ.

ನಾನು ಒಂದೆರಡು ಸಲ ಹೇಳಿದೆ. “ಭಾವ, ಅವರು ದಿನಾಂಕ ಓದ್ಲೇ ಇಲ್ಲ.”

“ಎಲ್ಲರಿಗೂ ಗೊತ್ತಿರುತ್ತೆ ಕಣಯ್ಯಾ. ಮದುವೆ ಅಂದ್ರೆ ಜನ ಕಿವಿ ತೆರೆದುಕೊಂಡೇ ಇರ್ತಾರೆ. ನೀನು ಗಾಡಿ ಓಡ್ಸು.”

ಮಣ್ಣು ಎಲ್ಲರ ಮನೆಯಲ್ಲಿ ಎಲ್ಲಿಂದ ಬರಬೇಕು? ಮಹಡಿ ಮನೆ ಮೇಷ್ಟ್ರು ಬಣ್ಣದ ಹಳೇ ಡಬ್ಬಿಯಲ್ಲಿ ಹಾಕಿದರು. ಎದುರುಮನೆಯಾಕೆ ಪಕ್ಕದ ಮನೆಯ ಕುಂಡದಲ್ಲಿ ಹಾಕಿ, ಅಲ್ಲಿದ್ದ ಕಳ್ಳಿಗಿಡ ನೀರು ಹೆಚ್ಚಾಗಿ ಕೊಳೆತು, ಎರಡು ಮನೆಗೂ ಮಾತು ನಿಂತಿತು. ಭಾವನ ಸಾಹೇಬರ ಕೋಣೆಯಲ್ಲಿ ದೊಡ್ಡದೊಂದು ಕುಂಡವಿತ್ತು. ಸಾಹೇಬರು ಕುರ್ಚಿಯಿಂದೇಳದೆ, “ಅದರಲ್ಲೇ ತೂರಿಸಪ್ಪ,” ಎಂದರು. ಭಾವ ಭಕ್ತಿಯಿಂದ ತೂರಿಸಿ ನೀರು ಹೊಯ್ದರು. ಆ ಕುಂಡದ ಗಿಡ ಪ್ಲಾಸ್ಟಿಕ್ಕಿನದು. ವರ್ಷವಿಡೀ ಅದರ ತುಂಬ ಹಳದಿ ಹೂ. ಸಾಹೇಬರು ಅದನ್ನು ಎಂದೂ ತಲೆಯೆತ್ತಿ ನೋಡಿದವರಲ್ಲ, ಭಾವನಿಗೆ ಸಾಹೇಬರೆದುರು ತಲೆಯೆತ್ತಿ ಅಭ್ಯಾಸವಿಲ್ಲ.

ಭಾವನ ದೊಡ್ಡಮ್ಮನ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಯಿತು. “ಏನಂದೆ? ಮದುಮಕ್ಕಳ ಹೆಸರನ್ನ ಮಣ್ಣಲ್ಲಿ ಹೂಳೋದಾ? ಹೂತು, ಮೇಲೆ ನೀರು ಬಿಡೋದಾ? ನಿಂಗೇನು ತಲೆಗಿಲೆ ಕೆಟ್ಟಿದೆಯೇನೋ!”

“ದೊಡ್ಡಮ್ಮಾ, ಇದು ವಿಜ್ಞಾನ.”

“ವಿಜ್ಞಾನಾನ ನಿನ್ನ ಮನೇಲಿ ಹೂತ್ಕೋ. ನಾನು ನೆಲ ಅಗಿಯಲ್ಲ. ಬೇಕಾದ್ರೆ ಬಕೆಟ್ಟಲ್ಲಿ ಇಡ್ತೀನಿ. ಬಕೆಟ್ಟಲ್ಲಿ ಇಟ್ರೆ ಹೂತ ಹಾಗಲ್ಲ.”

ಒಳಗಿನಿಂದ ಒಂದು ಬಕೆಟ್ಟು ತಂದರು. ಕಡುಗೆಂಪು ಬಣ್ಣದ್ದು, ತಂತಿಯ ಹಿಡಿ, ಸೊಟ್ಟ ಅಂಚು. “ಯಾವನೋ ತಲೆಕೆಟ್ಟವನು ಬೀದೀಲಿ ಇಟ್ಟಿದ್ದ, ಎತ್ಕೊಂಡು ಬಂದೆ. ಗಟ್ಟಿಮುಟ್ಟಾಗಿದೆ,” ಎಂದರು. ಸಂಸಾರ ಹೂಡಿದಾಗಿನಿಂದ ಅದರಲ್ಲೇ ಮಿಂದ ಭಾವ ಅದರ ಗುರುತು ಹಿಡಿಯದೆ ಪತ್ರವನ್ನು ಅದರೊಳಗಿಟ್ಟು ಮಣ್ಣು ಮುಚ್ಚಿದರು. ನನಗೆ ನಗು ತಡೆಯಲಾಗದೆ ಕಾರಿನ ಟೈರು ನೋಡುವ ನೆಪದಲ್ಲಿ ಹೊರಗೆ ಹೋದೆ.

ಇತ್ತ ಬೀಗರು ತಮ್ಮ ಕಡೆಯವರನ್ನು ಕರೆದದ್ದು ಬಹಳ ಸರಳವಾಗಿ. ಮನೆಗೊಂದು ಹೊಸ ಬಕೆಟ್ಟು. ಬಕೆಟ್ಟಿನ ಹೊಟ್ಟೆಯ ಮೇಲೆ ಹುಡುಗ ಹುಡುಗಿಯ ಹೆಸರು, ದಿನ, ಗಂಟೆ, ಹಾಲು, ಅಂಗೈಯಗಲದ ಅಕ್ಷರದಲ್ಲಿ. ನನಗೂ ಒಂದು ಕೊಟ್ಟಿದ್ದರು. ನಾನು ಅದನ್ನು ಅಂಗಡಿಯಲ್ಲಿಟ್ಟು ಟ್ಯೂಬು ಮುಳುಗಿಸಿ ಗುಳ್ಳೆ ನೋಡಲು ಬಳಸುತ್ತಿದ್ದೆ. ಪಂಕ್ಚರಿಗೆ ಬಂದ ಅಪರಿಚಿತರಿಗೂ ನಮ್ಮನೆ ಮದುವೆಯ ದಿನ ಬಾಯಿಪಾಠವಾಗಿತ್ತು.

ದಿನ ಹತ್ತಿರ ಬಂತು. ಮಹಡಿ ಮನೆ ಮೇಷ್ಟ್ರು ಮೆಟ್ಟಿಲಲ್ಲಿ ಅಕ್ಕನನ್ನು ನಿಲ್ಲಿಸಿ, “ಏನಮ್ಮಾ, ಇನ್ನೂ ಮೊಗ್ಗೇ ಕಾಣ್ತಿಲ್ವಲ್ಲ?” ಎಂದರು.

ಅಕ್ಕನ ತಲೆಯಲ್ಲಿ ನೂರು ಕೆಲಸ. “ಬರುತ್ತೆ ಬಿಡಿ ಮೇಷ್ಟ್ರೇ, ಅವಸರ ಏನಿದೆ,” ಎಂದಳು. ಮೇಷ್ಟ್ರು ಸಮಾಧಾನವಾಗಿ ಹತ್ತಿ ಹೋಗಿ, ಇಸ್ತ್ರಿಗೆ ಕೊಡಬೇಕೆಂದಿದ್ದ ಕೋಟನ್ನು ವಾಪಸು ಪೆಟ್ಟಿಗೆಯಲ್ಲಿಟ್ಟರು. ಮದುವೆಯ ಹಿಂದಿನ ದಿನವೇ ನಾವೆಲ್ಲ ಹಾಲಿಗೆ ಹೋಗಿ ಬೀಡುಬಿಟ್ಟೆವು. ಮನೆಗೆ ಬೀಗ ಬಿದ್ದದ್ದನ್ನು ನೋಡಿ ಬೀದಿಯವರು ಜವಳಿ ತರಲು ಹೋಗಿರಬೇಕು ಎಂದುಕೊಂಡರಂತೆ.

ಮದುವೆಯ ಬೆಳಿಗ್ಗೆ. ಹಾಲಿನ ಎಡಗಡೆ ಬೀಗರ ಜನ ಕಿಕ್ಕಿರಿದಿದ್ದರು. ಕುರ್ಚಿ ಸಾಲದೆ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಬಲಗಡೆ ನಾನು, ನನ್ನ ಹೆಂಡತಿ, ಆಮೇಲೆ ಕುರ್ಚಿಗಳು. ಭಾವ ಬಾಗಿಲಲ್ಲಿ ಕೈ ಜೋಡಿಸಿ ನಿಂತಿದ್ದರು. ಜೋಡಿಸಿದ ಕೈ ಬಿಚ್ಚುವ ಸಂದರ್ಭವೇ ಬರಲಿಲ್ಲ. ಹೊತ್ತು ಏರಿತು. ಅಡಿಗೆಯವರು ಇಣುಕಿ ನೋಡಿ, ಒಲೆ ಸಣ್ಣಗೆ ಮಾಡಿದರು.

ಬೀಗರು ಖಾಲಿ ಕುರ್ಚಿಗಳ ನಡುವೆ ಒಂದು ಸುತ್ತು ಬಂದರು. ಮುಖ ಬೆವೆತಿತ್ತು. “ಬೀಗರೇ, ನಿಮ್ಮ ಕಡೆಯವರು?”

ಭಾವ ಬೀದಿಯತ್ತ ಕತ್ತು ಚಾಚಿ ನೋಡಿದರು. “ಬಹುಶಃ... ಇನ್ನೂ ಹೂ ಬಿಟ್ಟಿಲ್ಲ.”

“ಏನು ಬಿಟ್ಟಿಲ್ಲ?”

ಆಗ ನನಗೆ ಹೊಳೆಯಿತು. ಓಡಿ ಹೋಗಿ ಕಾರಿನ ಹಿಂಬದಿ ತೆಗೆದೆ. ಭಾವ ಊರಿನ ಮನೆಮನೆಯಿಂದ ಜೋಪಾನವಾಗಿ ವಾಪಸು ತಂದ ಪ್ಲಾಸ್ಟಿಕ್ ಕವರುಗಳು ಚೀಲ ಚೀಲವಾಗಿ ಅಲ್ಲೇ ಬಿದ್ದಿದ್ದವು. ಒಂದನ್ನು ತಂದು ಭಾವನಿಗೆ ಕೊಟ್ಟೆ. ದಿನ, ಗಂಟೆ, ಹಾಲು, ಒಂದಕ್ಷರ ಮಾಸಿರಲಿಲ್ಲ. ಭಾವ ಅದನ್ನು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಇದ್ದಲ್ಲೇ ಕುಸಿದು ಕೂತರು.

“ಬದುಕೆಲ್ಲ ಒಂದು ಕಾಗದ ತಪ್ಪಾಗಿ ಕಳಿಸಿದವನಲ್ಲ ಕಣಯ್ಯಾ ನಾನು,” ಎಂದರು. ಅವರ ಮೇಲೆ ಅಷ್ಟು ಹೊತ್ತು ಕುದಿಯುತ್ತಿದ್ದ ನಾನೂ ಹೋಗಿ ಅವರ ಪಕ್ಕದಲ್ಲಿ ಕೂತೆ.

ಒಳಕೋಣೆಯ ಬಾಗಿಲಲ್ಲಿ ಅಕ್ಕನ ಮಗಳು ನಿಂತಿದ್ದಳು. ಎಲ್ಲ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು. “ಮಾವಾ, ನಮ್ಮ ಬೀದಿಯವರು ಒಬ್ರೂ ಬರಲ್ವಾ? ದೊಡ್ಡಜ್ಜಿ? ಮೇಷ್ಟ್ರು? ನಮಗೆ ಯಾರೂ ಇಲ್ಲ ಅಂದ್ಕೊಳ್ಳಲ್ವಾ ಇವರೆಲ್ಲ?” ಎಂದಳು. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

ಬೀಗರು ಅವಳನ್ನು ನೋಡಿದರು, ಭಾವನನ್ನು ನೋಡಿದರು, ಹೊರಗೆ ನಿಂತಿದ್ದ ತಮ್ಮ ಕಾರ್ಖಾನೆಯ ಲಾರಿಯನ್ನು ನೋಡಿದರು. “ಏಳಿ ಬೀಗರೇ ಮೇಲಕ್ಕೆ! ಹುಡುಗಿ ಕಡೆ ಕುರ್ಚಿ ತುಂಬೋವರೆಗೂ ನಾನು ಮದುವೆ ನಡೆಸಲ್ಲ. ಹತ್ತಿ ಲಾರಿ!”

ಹೀಗೆ ಪ್ಲಾಸ್ಟಿಕ್ಕಿನ ಪರಮ ಶತ್ರುವಾದ ನಮ್ಮ ಭಾವ ಹೊಸ ಬಟ್ಟೆಯಲ್ಲಿ ಬಕೆಟ್ಟುಗಳ ನಡುವೆ ನಿಂತು, ಒಂದು ಬಕೆಟ್ಟನ್ನು ತಮಟೆಯಂತೆ ಬಾರಿಸುತ್ತ ಬೀದಿ ಬೀದಿ ಸುತ್ತಿದರು. “ಹೂ ಬಿಡ್ತು! ಬನ್ರಪ್ಪಾ, ಹೂ ಬಿಡ್ತು!”

ಕಿಟಕಿಗಳು ತೆರೆದವು. ಮಹಡಿ ಮನೆ ಮೇಷ್ಟ್ರು ಬನಿಯನ್ನಿನಲ್ಲೇ ಹೊರಗೆ ಬಂದು, “ಸುಳ್ಳು! ನಮ್ಮನೇಲಿ ಬಿಟ್ಟಿಲ್ಲ!” ಎಂದರು.

“ಬಿಟ್ಟಿದೆ ಮೇಷ್ಟ್ರೇ, ಇವತ್ತೇ ಮದುವೆ!”

“ಏನ್ರೀ ಹೀಗೆ ಹೇಳ್ತೀರಿ? ನಾನೇನು ಬೇಕು ಅಂತ ತಡ ಮಾಡಿದ್ನಾ? ತಾಳಿ, ಸಾಕ್ಷಿ ತರ್ತೀನಿ!” ಎಂದು ಒಳಗೆ ಓಡಿ ಗಿಡದ ಡಬ್ಬಿಯನ್ನೇ ಎತ್ತಿಕೊಂಡು ಲಾರಿ ಹತ್ತಿದರು. ಅವರನ್ನು ನೋಡಿ ಎದುರುಮನೆಯಾಕೆಯೂ ಸಾಕ್ಷಿ ತಂದಳು. ಕಳ್ಳಿಗಿಡದವರು ಕುಂಡ ನಮ್ಮದು ಎಂದು ಅದರ ಇನ್ನೊಂದು ಕಿವಿ ಹಿಡಿದುಕೊಂಡು ಬಂದರು. ಇಬ್ಬರೂ ಲಾರಿಯಲ್ಲಿ ಅಕ್ಕಪಕ್ಕ ಕೂತ ಮೇಲೆ ಬೇರೆ ದಾರಿಯಿಲ್ಲದೆ ಮಾತು ಶುರುವಾಯಿತು. ತಾನು ಅಲಕ್ಷ್ಯ ಮಾಡಿದವನಲ್ಲ, ಗಿಡದ್ದೇ ತಪ್ಪು ಎಂದು ಅಕ್ಕನಿಗೆ ತೋರಿಸಬೇಕೆಂದು ಪ್ರತಿಯೊಬ್ಬರೂ ತಮ್ಮ ತಮ್ಮ ಗಿಡ ಹೊತ್ತು ಬಂದರು.

ಸಾಹೇಬರ ಮನೆಯ ಮುಂದೆ ಮಾತ್ರ ಬೇರೆ ಕಥೆ. “ಮತ್ತೆ ಮದುವೇನಾ?” ಎಂದು ಸಾಹೇಬರು ಹುಬ್ಬು ಗಂಟಿಕ್ಕಿದರು. “ಎರಡು ತಿಂಗಳ ಹಿಂದೇನೇ ಆಯ್ತಲ್ಲಯ್ಯಾ! ನನ್ನ ಕುಂಡದಲ್ಲಿ ನೆಟ್ಟ ಮಾರನೇ ದಿನವೇ ಗಿಡದ ತುಂಬ ಹೂ. ಆ ಭಾನುವಾರ ಮದುವೆ ಹಾಲಿಗೆ ಹೋಗಿ ಮಿಕ್ಸಿ ಕೊಟ್ಟು, ಉಂಡು, ಫೋಟೋ ತೆಗೆಸಿಕೊಂಡು ಬಂದ್ವಿ. ನಿನ್ನ ಮಗಳು ನಿನ್ನ ಥರ ಇಲ್ಲ, ಒಳ್ಳೇದಾಯ್ತು ಅಂತ ನಮ್ಮವಳು ಹೇಳಿದ್ಲು.”

ಊರಿನ ಮದುವೆಗಳೆಲ್ಲ ನಡೆಯುವುದು ಆ ಒಂದೇ ಹಾಲಿನಲ್ಲಿ. ಅವತ್ತು ಯಾರ ಮಗಳಿಗೆ ಮಿಕ್ಸಿ ಸಿಕ್ಕಿತೋ, ಆ ಮನೆಯವರು ಇಂದಿಗೂ ಫೋಟೋ ನೋಡಿ ತಲೆ ಕೆರೆದುಕೊಳ್ಳುತ್ತಿರಬೇಕು.

ಲಾರಿ ಮೂರು ಸಲ ತುಂಬಿ ಖಾಲಿಯಾಯಿತು. ಬಲಗಡೆ ಕುರ್ಚಿಗಳು ತುಂಬಿದವು, ಕುರ್ಚಿಗಳ ನಡುವಿನ ಜಾಗವನ್ನು ಗಿಡಗಳು ತುಂಬಿದವು. ಮನೆ ಬಟ್ಟೆಯಲ್ಲಿ, ಹವಾಯಿ ಚಪ್ಪಲಿಯಲ್ಲಿ, ಮೊಣಕೈಯಲ್ಲಿ ಸೋಪಿನ ನೊರೆ ಹಾಗೇ ಇರುವಂತೆ ಜನ. ಅಕ್ಕನ ಮಗಳು ಒಬ್ಬೊಬ್ಬರನ್ನು ಕಂಡಂತೆ ಅವಳ ಮುಖ ಅರಳಿತು. ಬೀಗರು ಗಿಡಗಳ ನಡುವೆ ಓಡಾಡುತ್ತಿದ್ದವರು ಗಕ್ಕನೆ ನಿಂತರು. ಒಂದು ಡಬ್ಬಿಯನ್ನು ಎತ್ತಿ ತಳದಲ್ಲಿದ್ದ ಕಾರ್ಖಾನೆಯ ಗುರುತು ನೋಡಿದರು. ಇನ್ನೊಂದನ್ನು ನೋಡಿದರು. ಒಡೆದ ಬಕೆಟ್ಟು, ಕಿವಿ ಹರಿದ ಟಬ್ಬು, ಮುಚ್ಚಳವಿಲ್ಲದ ಡ್ರಮ್ಮು.

“ಇದು ನಮ್ಮ ಮಾಲು! ಇದೂ ನಮ್ಮ ಮಾಲು! ಬೀಗರೇ, ನೀವು ಇಷ್ಟು ದೊಡ್ಡ ಮನುಷ್ಯರು ಅಂತ ನಂಗೆ ಗೊತ್ತಿರಲಿಲ್ಲ. ನಮ್ಮ ಗೌರವಕ್ಕೆ ಇಷ್ಟೆಲ್ಲ ಏರ್ಪಾಡು ಮಾಡಿದ್ರಾ?” ಎಂದು ಭಾವನನ್ನು ಅಪ್ಪಿಕೊಂಡೇಬಿಟ್ಟರು. ಭಾವ ಆ ಅಪ್ಪುಗೆಯೊಳಗಿಂದ ನನ್ನತ್ತ ನೋಡಿದರು. ಸುಮ್ಮನಿರಿ ಎಂದು ಕಣ್ಸನ್ನೆ ಮಾಡಿದೆ.

ಕೊನೆಯಲ್ಲಿ ದೊಡ್ಡಮ್ಮ ಬಂದರು. ಕಂಕುಳಲ್ಲಿ ಕಡುಗೆಂಪು ಬಕೆಟ್ಟು. ಇಡೀ ಹಾಲಿನಲ್ಲಿ ನಿಜವಾಗಿ ಹೂ ಬಿಟ್ಟಿದ್ದದ್ದು ಅದೊಂದೇ. ದುಂಡಗೆ, ಹಳದಿಗೆ, ಒಂದೇ ಒಂದು ಹೂ. “ನಿನ್ನೆ ಸಂಜೆ ಬಿಡ್ತು. ನಾನು ಬೆಳಿಗ್ಗೆನೇ ಹೊರಟು ನಿಂತಿದ್ದೆ, ಕರ್ಕೊಂಡು ಹೋಗೋಕೆ ಒಬ್ರೂ ಬರ್ಲಿಲ್ಲ,” ಎಂದು ಗೊಣಗಿದರು.

ಬೀಗರು ಆ ಬಕೆಟ್ಟನ್ನೂ ಎತ್ತಿ ತಳ ನೋಡಿದರು. “ಇದು ನಮ್ಮ ಮೊದಲನೇ ಅಚ್ಚು. ನಾನೇ ನಿಂತು ಹೊಯ್ಸಿದ್ದು,” ಎಂದು ಮೆಲ್ಲಗೆ ಹೇಳಿದರು. “ಈಗಿನ ನಮ್ಮ ಬಕೆಟ್ಟು ಎರಡು ವರ್ಷ ಬಂದ್ರೆ ಹೆಚ್ಚು. ಇದು ಇನ್ನೂ ಇದೆಯಲ್ಲ!”

ಅಕ್ಕ ಅಲ್ಲಿಗೆ ಬಂದವಳು ತಂತಿಯ ಹಿಡಿಯನ್ನು ಮುಟ್ಟಿದಳು. ಸೊಟ್ಟ ಅಂಚಿನ ಪಕ್ಕದ ಹಲ್ಲಿನ ಗುರುತನ್ನು ಬೆರಳಲ್ಲಿ ಸವರಿ, ಮಗಳನ್ನು ಕರೆದು ತೋರಿಸಿದಳು. ತಾಯಿ ಮಗಳು ಇಬ್ಬರೂ ನಕ್ಕರು. ಆಮೇಲೆ ಇಬ್ಬರಿಗೂ ಅಳು ಬಂತು. ಭಾವ ಇದನ್ನೆಲ್ಲ ನೋಡಿದರು. ಆ ಬೋಳುತಲೆಗೆ ಕೂದಲು ಬರದಿದ್ದರೂ ಬಕೆಟ್ಟಿನ ನೆನಪು ಮಾತ್ರ ವಾಪಸು ಬಂತೆಂದು ತೋರುತ್ತದೆ. ಮೂಗು ಒರೆಸಿಕೊಂಡರು.

ಮದುವೆ ಗಿಜಿಗಿಜಿ ಎಂದೇ ನಡೆಯಿತು.

ಮಾರನೆಯ ವಾರ ಅಕ್ಕ ಆ ಬಕೆಟ್ಟನ್ನು ಹಿಡಿದು ನನ್ನ ಅಂಗಡಿಗೆ ಬಂದಳು. ಹಿಂದೆ ಭಾವ. ಗಿಡದ ಬೇರು ಕೊಳೆಯದಿರಲೆಂದು ದೊಡ್ಡಮ್ಮ ಅದರ ತಳಕ್ಕೆ ಕಾಯಿಸಿದ ಮೊಳೆಯಿಂದ ತೂತು ಹೊಡೆದಿದ್ದರು. ನಾನು ಹಳೇ ಟ್ಯೂಬಿನ ತುಂಡು ಕತ್ತರಿಸಿ, ಎರಡು ವಾಷರು ಇಟ್ಟು, ನಟ್ಟು ಬೋಲ್ಟು ಬಿಗಿದು, ನೀರು ತುಂಬಿಸಿ ನೋಡಿದೆ. ಒಂದು ಹನಿ ಇಳಿಯಲಿಲ್ಲ.

“ಮತ್ತೆ ಗಿಡ ಎಲ್ಲಿಟ್ರಿ?” ಎಂದು ಕೇಳಿದೆ.

“ಮರದ ಬಕೆಟ್ಟಲ್ಲಿ,” ಎಂದಳು ಅಕ್ಕ. “ಅದಕ್ಕೆ ತೂತು ಮಾಡೋ ಕೆಲಸನೇ ಇರ್ಲಿಲ್ಲ. ಚೆನ್ನಾಗಿ ಉಸಿರಾಡುತ್ತೆ.”

ಭಾವ ಕೆಮ್ಮಿದರು. ಬಗ್ಗಿ ನನ್ನ ಟ್ಯೂಬಿನ ತೇಪೆಯನ್ನು ಒತ್ತಿ ನೋಡಿ, ಗಂಭೀರವಾಗಿ ಕೇಳಿದರು: “ಈ ರಬ್ಬರು... ನೈಸರ್ಗಿಕದ್ದು ತಾನೇ?”

ಅಕ್ಕ ನೀರು ತುಂಬಿದ ಬಕೆಟ್ಟನ್ನು ಎತ್ತಿ ಅವರ ಕೈಗೆ ಕೊಟ್ಟು, “ನಡೀರಿ, ಮನೆವರೆಗೂ ಹಾಗೇ ಹೊತ್ಕೊಂಡು ಬನ್ನಿ, ಸೋರುತ್ತಾ ನೋಡೋಣ,” ಎಂದಳು. ಭಾವ ಎರಡೂ ಕೈಯಲ್ಲಿ, ಕೂಸನ್ನು ಹೊತ್ತ ಹಾಗೆ ಹೊತ್ತುಕೊಂಡು ಹೋದರು.